ತಾಯಿ–ಮಗು: ಮಳೆಗಾಲದ ಬಾಣಂತನ

ಆಗಸ್ಟ್ ತಿಂಗಳ ಮೊದಲ ವಾರವನ್ನು 1992ರಿಂದಲೂ ವಿಶ್ವ ಸ್ತನ್ಯಪಾನ ಸಪ್ತಾಹವೆಂದು ಆಚರಿಸಲಾಗುತ್ತಿದೆ. ಕೊಡಗಿನ ಭಾಗಮಂಡಲದಲ್ಲಿ ಅದು ಕಾವೇರಿ, ಕನ್ನಿಕೆಯರು ದಂಡೆ ಮೀರುವ ಕಾಲ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಕೆಳಗೆ ಭಾಗಮಂಡಲವೂ ಜಲಾವೃತವಾಗಿತ್ತು. ಈಗ ಅಲ್ಲಿ ಮೇಲ್ಸೇತುವೆ ಬಂದಿರುವುದು ಸಮಾಧಾನದ ಸಂಗತಿ. ಆದರೆ ತೋಟಗಳ ನಡುವಿನ ಒಂಟಿಮನೆಗಳ ದಾರಿಗೆ ಆ ಅನುಕೂಲವಿಲ್ಲ. ಅಂತಹ ಮನೆಯಲ್ಲಿ ಹತ್ತು ದಿನದ ಬಾಣಂತಿ ನಡುರಾತ್ರಿ "ಅತ್ತೆ, ಹಾಲು ಸಾಲುತ್ತಿಲ್ಲ" ಎಂದು ಅತ್ತರೆ ಉತ್ತರ ಹೇಳಬೇಕಾದವರು ಮನೆಯ ಹಿರಿಯರೇ. ಆದುದರಿಂದ ಈ ಸಲದ ಮಾತು ಅತ್ತೆಯಂದಿರಿಗೆ, ತವರಿನ ತಾಯಂದಿರಿಗೆ.

ಹೆರಿಗೆ ಆಸ್ಪತ್ರೆಯಲ್ಲಾದರೆ ಎಲ್ಲವೂ ಸರಿಹೋಗುವುದೆಂಬ ಭಾವನೆ ನಮ್ಮಲ್ಲಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ನೂರಕ್ಕೆ 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆದವು. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಶಿಶುಗಳು ನೂರಕ್ಕೆ ಸುಮಾರು 42 ಮಾತ್ರ. ಹಳದಿ ಬಣ್ಣದ ಮೊದಲ ಹಾಲನ್ನು ಹಿಂಡಿ ಚೆಲ್ಲುವುದು, ಜೇನು ನೆಕ್ಕಿಸುವುದು ಇನ್ನೂ ನಿಂತಿಲ್ಲ. ಆ ಮೊದಲ ಹಾಲೇ ಮಗುವಿಗೆ ರೋಗನಿರೋಧಕ ಶಕ್ತಿ ನೀಡುವಂಥದು.

ಇನ್ನು "ಹಾಲು ಸಾಲದು" ಎಂಬ ಮಾತು. ಬಹುಪಾಲು ಇದು ನಿಜವಲ್ಲ. ಮಗು ಎಷ್ಟು ಚೀಪುವುದೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಒಂದು ಹೊತ್ತು ಪುಡಿಹಾಲು ಕೊಟ್ಟರೆ ಮಗು ಅಷ್ಟು ಕಡಿಮೆ ಚೀಪುತ್ತದೆ, ಹಾಲೂ ಅಷ್ಟಕ್ಕೆ ಇಳಿಯುತ್ತದೆ. ಕೊನೆಗೆ ಅನುಮಾನವೇ ನಿಜವಾಗುತ್ತದೆ. ಮೊದಲ ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡುತ್ತಿದ್ದು, ತೂಕ ಏರುತ್ತಿದ್ದರೆ ಹಾಲು ಸಾಕಾಗಿದೆ. ತೊಟ್ಟು ಬಿರಿದು ನೋಯುತ್ತಿದ್ದರೆ ಮಗು ಹಿಡಿದಿರುವ ರೀತಿಯನ್ನು ನೋಡಿ. ತೊಟ್ಟಿನ ತುದಿಯಷ್ಟೇ ಅಲ್ಲ, ಸುತ್ತಲಿನ ಕಪ್ಪುಭಾಗವೂ ಬಹುಮಟ್ಟಿಗೆ ಬಾಯೊಳಗಿರಬೇಕು. ಭಯ, ದುಃಖಗಳಿಂದ ಹಾಲು ಇಳಿಯುವುದು ಸ್ವಲ್ಪ ತಡವಾಗಬಹುದು, ಬತ್ತಿಹೋಗುವುದಿಲ್ಲ. ಬಾಣಂತಿಯನ್ನು ಬೆಚ್ಚಗೆ ಕೂರಿಸಿ, ಮಗುವನ್ನು ಎದೆಗೊತ್ತಿ ಹಿಡಿಯಲು ಬಿಡಿ. ಆಗ ಮನೆಮಂದಿ ಟೀಕೆಗಳನ್ನು ತಮ್ಮಲ್ಲೇ ಇಟ್ಟುಕೊಂಡರೆ ದೊಡ್ಡ ಉಪಕಾರ.

2018ರ ಆಗಸ್ಟಿನಲ್ಲಿ ಕೊಡಗಿನ ಸಾವಿರಾರು ಮಂದಿ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಅಂತಹ ಕಡೆಗೆ ಹಾಲುಪುಡಿಯ ಡಬ್ಬಿ ಒಯ್ಯುವುದು ಪುಣ್ಯಕಾರ್ಯವೆಂದು ತೋರಬಹುದು. ಆದರೆ ಕುದಿಸಿದ ನೀರಿಗೂ ಕಷ್ಟವಿರುವಲ್ಲಿ ಅದೇ ಡಬ್ಬಿಯಿಂದ ಹಸುಳೆಗೆ ಭೇದಿ ತಗಲುತ್ತದೆ. ಅದರ ಬದಲು ತಾಯಿಗೆ ಬಿಸಿಯೂಟ, ಕುಡಿಯುವ ನೀರು, ಮರೆಯಾದ ಒಂದು ಮೂಲೆ ಒದಗಿಸಿರಿ. ವೈದ್ಯರೇ ಬೇರೆ ಹಾಲು ಹೇಳಿದ ಮಗುವಿಗೆ ಸೀಸೆ ಬೇಡ. ನಮ್ಮ ಅಜ್ಜಿಯರ ಒಳಲೆಯನ್ನು ಕುದಿಯುವ ನೀರಿನಲ್ಲಿ ತೊಳೆದು ಬಳಸಿರಿ. ಇಂದಿನ ಮಕ್ಕಳ ವೈದ್ಯರೂ ಅದನ್ನೇ ಮೆಚ್ಚುತ್ತಾರೆ.

ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಬರಬೇಕೆಂಬ ನಿಯಮವಿದೆ. ಆಕೆಯನ್ನು ಬಾಗಿಲಲ್ಲೇ ಮಾತನಾಡಿಸಿ ಕಳುಹಿಸದೆ, ಒಳಗೆ ಕರೆದು ಹಾಲೂಡಿಸುವುದನ್ನು ತೋರಿಸಿರಿ. ಮಗು ಚೀಪಲೊಲ್ಲದೆ ಮಂಕಾದರೆ, ಅಥವಾ ತಾಯಿಯ ಎದೆ ಕೆಂಪಾಗಿ ಗಟ್ಟಿಯಾಗಿ ಜ್ವರ ಬಂದರೆ ಮನೆಮದ್ದಿಗೆ ಕಾಯಬಾರದು. ಮಳೆಗಾಲದಲ್ಲಿ ದಿನ ತುಂಬುವ ಸೊಸೆಯಿದ್ದರೆ, ಯಾವ ದಾರಿಯಲ್ಲಿ, ಯಾರ ವಾಹನದಲ್ಲಿ ಮಡಿಕೇರಿಗೆ ಹೋಗುವುದೆಂಬುದನ್ನು ಜೂನ್‌ಗೆ ಮುಂಚೆಯೇ ಮನೆಯವರೆಲ್ಲ ಕುಳಿತು ನಿಶ್ಚಯಿಸಿಕೊಳ್ಳಿರಿ.