ಹಾಡಿಯ ಮನೆಗೆ ಕಾವೇರಿ ಭವನದ ನಕ್ಷೆ ಯಾಕೆ?

ಮಲ್ಲತ್ತಹಳ್ಳಿ ಕೆರೆಯಲ್ಲಿ ಶಿವನ ಪ್ರತಿಮೆ ನಿಲ್ಲಿಸುವ ವಿಚಾರ 2022ರಲ್ಲಿ ಹೈಕೋರ್ಟ್ ಮೆಟ್ಟಿಲೇರಿತು. ಆ ಜಗಳದಲ್ಲಿ ಯಾರು ಯಾರ ಪರ ನಿಂತರೋ ಬಿಡಿ, ಕೆರೆಯ ಅಂಗಳದಲ್ಲಿ ಏನು ಕಟ್ಟಬೇಕು ಎಂದು ಕೇಳುವ ಹಕ್ಕು ದಡದಲ್ಲಿರುವವರಿಗೆ ಇದೆ ಎಂಬುದು ನಮಗೆಲ್ಲ ತೀರಾ ಸಹಜವಾಗಿ ಕಂಡಿತ್ತು. ಅದಕ್ಕೂ ಮೊದಲು, 2017ರಲ್ಲಿ, ಬಿಡಿಎ 2031ರ ನಗರ ಮಹಾಯೋಜನೆಯ ಕರಡು ಹೊರಡಿಸಿದಾಗ ಬೆಂಗಳೂರಿನವರು ಸಾವಿರಾರು ಆಕ್ಷೇಪಣೆ ಬರೆದು ಹಾಕಿದರು. ಕೊನೆಗೆ ಸರ್ಕಾರ ಆ ಕರಡನ್ನೇ ಹಿಂದಕ್ಕೆ ಪಡೆಯಿತು. ಸೈಟಿನ ಮುಂದಿನ ರಸ್ತೆ ಹತ್ತಡಿ ಅಗಲವಾಗುತ್ತದೆ ಎಂದರೂ ನಮಗೆ ನೋಟಿಸ್ ಬೇಕು, ಅವಧಿ ಬೇಕು, ಅಹವಾಲು ಸಭೆ ಬೇಕು. ಬೇಕೇ ಬೇಕು, ಅದರಲ್ಲಿ ತಪ್ಪೇನಿಲ್ಲ.

ಇಲ್ಲಿಂದ ಮೈಸೂರು ರಸ್ತೆ ಹಿಡಿದು ನಾಲ್ಕೈದು ಗಂಟೆ ಹೋದರೆ ನಾಗರಹೊಳೆ. ಅಲ್ಲಿನ ಜೇನುಕುರುಬ ಬುಡಕಟ್ಟಿನವರಿಗೆ ಈ ಸವಲತ್ತು ಇಲ್ಲ. ಅವರಿಗೆ ಮನೆ ಮಂಜೂರಾಗುತ್ತದೆ. ಎಲ್ಲಿ, ಎಷ್ಟು ದೊಡ್ಡದು, ಯಾವ ಗೋಡೆ, ಯಾವ ಮಾಡು, ಬಾಗಿಲು ಯಾವ ಕಡೆಗೆ ಎಂಬುದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ಉಳಿಯುವುದು ಫಲಾನುಭವಿಯ ಆಧಾರ್ ಸಂಖ್ಯೆ ಒಂದೇ.

2025ರ ಮೇ 5ರಂದು 52 ಜೇನುಕುರುಬ ಕುಟುಂಬಗಳು ನಾಗರಹೊಳೆಯ ಒಳಗಿನ ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಗೆ ವಾಪಸು ಹೋಗಿ ಗುಡಿಸಲು ಎಬ್ಬಿಸಿದವು. ನಮ್ಮನ್ನು ಇಲ್ಲಿಂದ ಎಬ್ಬಿಸಿ ನಾಲ್ಕು ದಶಕವಾಯಿತು, ನಮ್ಮ ಹಿರಿಯರನ್ನು ಹೂತದ್ದು ಇಲ್ಲೇ, ದೇವರುಗಳಿರುವುದೂ ಇಲ್ಲೇ ಎಂಬುದು ಅವರ ಮಾತು. ಅರಣ್ಯ ಇಲಾಖೆಗೆ ಅದು ಅತಿಕ್ರಮಣ. ಪತ್ರಿಕೆಗಳಲ್ಲಿ ಇದು ಹುಲಿ ದೊಡ್ಡದೋ ಮನುಷ್ಯ ದೊಡ್ಡವನೋ ಎಂಬ ಹಳೆಯ ಜಗಳವಾಗಿ ಬಂತು. ನನಗೆ ಅದು ಹಾಗೆ ಕಾಣುವುದಿಲ್ಲ. ಸರ್ಕಾರವೇ ಹಮ್ಮಿಕೊಂಡ ವಸತಿ ಯೋಜನೆಗಳ ಮೇಲೆ ಫಲಾನುಭವಿಗಳು ಕೊಟ್ಟ ತೀರ್ಪು ಅದು. ಹೊರಗೆ ಕೊಟ್ಟ ನೆಲೆ ನೆಲೆಯಾಗಿದ್ದರೆ, ಮಳೆಗಾಲ ಎದುರಿಗಿರುವಾಗ ಮಕ್ಕಳುಮರಿಯನ್ನು ಕಟ್ಟಿಕೊಂಡು ಟಾರ್ಪಾಲಿನ ಕೆಳಗೆ ಯಾರು ಹೋಗಿ ಕೂರುತ್ತಾರೆ?

ಲೆಕ್ಕವನ್ನೇ ನೋಡಿ. ಹುಲಿ ಸಂರಕ್ಷಿತ ಪ್ರದೇಶದಿಂದ 'ಸ್ವಯಂಪ್ರೇರಿತವಾಗಿ' ಹೊರಟ ಕುಟುಂಬಕ್ಕೆ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಪ್ಯಾಕೇಜ್ 2008ರಲ್ಲಿ 10 ಲಕ್ಷ ರೂಪಾಯಿ ಇತ್ತು, 2021ರಲ್ಲಿ 15 ಲಕ್ಷವಾಯಿತು. ಇತ್ತ 2023ರ ನವೆಂಬರ್ 15ರಂದು ಪ್ರಧಾನಿ ಜಾರ್ಖಂಡಿನ ಖುಂಟಿಯಲ್ಲಿ ಚಾಲನೆ ಕೊಟ್ಟ ಪಿಎಂ-ಜನ್‌ಮನ್ ಯೋಜನೆಯಲ್ಲಿ ಅತಿ ಹಿಂದುಳಿದ ಬುಡಕಟ್ಟಿನ ಒಂದು ಮನೆಗೆ 2 ಲಕ್ಷ. ಉದ್ಯೋಗ ಖಾತ್ರಿಯ ಕೂಲಿ, ಶೌಚಾಲಯದ 12 ಸಾವಿರ ಎಲ್ಲ ಸೇರಿಸಿದರೆ 2.39 ಲಕ್ಷ. ಅಂದರೆ ಕಾಡು ಬಿಟ್ಟರೆ ಹದಿನೈದು, ಇದ್ದಲ್ಲೇ ಇರುತ್ತೇನೆ ಎಂದರೆ ಎರಡೂ ಚಿಲ್ಲರೆ. ಆ ಎರಡೂ ಚಿಲ್ಲರೆ ಕೈಗೆ ಬರಬೇಕಾದರೂ ಕಾಲ ಕೆಳಗಿನ ನೆಲಕ್ಕೊಂದು ಕಾಗದ ಬೇಕು. ಕಾಗದವಿಲ್ಲದವರು ಅರಣ್ಯ ಇಲಾಖೆಯ ಕಣ್ಣಿನಲ್ಲಿ ಅತಿಕ್ರಮಣದಾರರು, ಅತಿಕ್ರಮಣದಾರರಿಗೆ ಪಾಯ ತೆಗೆಯಲು ಬಿಡುವುದಿಲ್ಲ. ಇಷ್ಟರ ನಡುವೆ 'ಸ್ವಯಂಪ್ರೇರಿತ' ಎಂಬ ಮಾತನ್ನು ನಗದೆ ಬರೆಯುವ ಅಧಿಕಾರಿ ದೊಡ್ಡ ಸಂಯಮಿಯೇ ಇರಬೇಕು. 2024ರ ಜೂನ್‌ನಲ್ಲಿ ಅದೇ ಪ್ರಾಧಿಕಾರ ರಾಜ್ಯಗಳಿಗೆ ಪತ್ರ ಬರೆದು, ದೇಶದ ಹುಲಿ ಅಭಯಾರಣ್ಯಗಳ ಒಳಭಾಗದಲ್ಲಿ ಇನ್ನೂ ಇರುವ 591 ಹಳ್ಳಿಗಳ 64,801 ಕುಟುಂಬಗಳ ಸ್ಥಳಾಂತರವನ್ನು ಚುರುಕುಗೊಳಿಸಿ ಎಂದಿತು. ಚುರುಕು ಬೇಕಾದದ್ದು ಇದಕ್ಕೇ ನೋಡಿ.

ಕಾನೂನು ಮಾತ್ರ ಬೇರೆಯದನ್ನೇ ಹೇಳುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆಯ 4(5)ನೇ ಕಲಮಿನ ಪ್ರಕಾರ ಹಕ್ಕಿನ ಅರ್ಜಿಗಳ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಅತಿ ಹಿಂದುಳಿದ ಬುಡಕಟ್ಟುಗಳಿಗೆ ಆವಾಸದ ಹಕ್ಕು ಎಂಬುದು ಪ್ರತ್ಯೇಕವಾಗಿ ಇದೆ. ಅದು ನಾಲ್ಕು ಗೋಡೆಯ ಹಕ್ಕಲ್ಲ, ಜೇನು ಕೀಳುವ ಮರ, ಗೆಣಸು ಅಗೆಯುವ ಜಾಗ, ಹೊಳೆ, ಮಸಣ, ದೇವರ ಬನ ಎಲ್ಲ ಸೇರಿದ ನೆಲೆಯ ಹಕ್ಕು. ಇದನ್ನೆಲ್ಲ ತೀರ್ಮಾನಿಸಬೇಕಾದದ್ದು ಗ್ರಾಮಸಭೆ. ತೊಡಕು ಇರುವುದೂ ಅಲ್ಲೇ. ಕರ್ನಾಟಕದಲ್ಲಿ ಐದನೇ ಅನುಸೂಚಿಯ ಪ್ರದೇಶ ಒಂದೂ ಇಲ್ಲ, ಹಾಗಾಗಿ ಬುಡಕಟ್ಟು ಗ್ರಾಮಸಭೆಗಳಿಗೆ ಅಧಿಕಾರ ಕೊಡುವ ಪೆಸಾ ಕಾಯ್ದೆಯ ರಕ್ಷಣೆಯೂ ಇಲ್ಲ. ಪಂಚಾಯಿತಿ ಮಟ್ಟದ ಗ್ರಾಮಸಭೆ ಎಂದು ಕರೆದರೆ ನಲವತ್ತು ಮನೆಯ ಹಾಡಿಯವರು ಸಾವಿರಾರು ಜನರ ನಡುವೆ ಕೊನೆಯ ಸಾಲಿನಲ್ಲಿ ನಿಂತು ಕೇಳಿಸಿಕೊಂಡು ಬರಬೇಕು. ಕಾಯ್ದೆಯಲ್ಲಿ 'ಗ್ರಾಮ' ಎಂದರೆ ಸರ್ವೆಯಾಗದ ಹಳೆಯ ನೆಲೆಯೂ ಸೇರುತ್ತದೆ, ಆದ್ದರಿಂದ ಹಾಡಿಗೊಂದು ಸಭೆ ಕರೆಯಲು ಯಾವ ಅಡ್ಡಿಯೂ ಇಲ್ಲ. ಕರೆಯುವ ಮನಸ್ಸು ಬೇಕಷ್ಟೆ.

ಇನ್ನು ಮನೆಯ ಮಾತು. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಇರುವುದು ಕೆಂಪೇಗೌಡ ರಸ್ತೆಯ ಕಾವೇರಿ ಭವನದಲ್ಲಿ. ನಿಗಮದ ಮೇಲೆ ನನಗೆ ದ್ವೇಷವೇನಿಲ್ಲ. ತಳಪಾಯ, ಲಿಂಟಲ್, ಮಾಡು ಎಂದು ಹಂತಹಂತಕ್ಕೆ ಜಿಪಿಎಸ್ ಫೋಟೊ ತೆಗೆಸಿ ನೇರ ಖಾತೆಗೆ ಕಂತು ಹಾಕುವ ವ್ಯವಸ್ಥೆಯಿಂದ ಬಯಲುಸೀಮೆಯ ಎಷ್ಟೋ ಬಡವರ ದುಡ್ಡು ಉಳಿದಿದೆ. ಆದರೆ ಫೋಟೊದಲ್ಲಿ ಕಾಣುವುದು ಗೋಡೆ ಎದ್ದಿತೋ ಇಲ್ಲವೋ ಎಂಬುದು ಮಾತ್ರ. ಆ ಮನೆಯಲ್ಲಿ ಒಲೆ ಎಲ್ಲಿ ಉರಿಯುತ್ತದೆ ಎಂಬುದು ಕಾಣುವುದಿಲ್ಲ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ನಮ್ಮ ಪಕ್ಕದ ವಿಶ್ವೇಶ್ವರಯ್ಯ ಬಡಾವಣೆಯಲ್ಲಿ ಬಿಡಿಎ ಹಂಚಿದ ಅತಿ ಚಿಕ್ಕ 20x30 ಸೈಟಿನ ಅರ್ಧಕ್ಕೂ ಕಡಿಮೆ. ಅಷ್ಟರೊಳಗೆ ಅಡುಗೆ, ಮಲಗುವುದು, ಮುದುಕರು, ಮಕ್ಕಳು, ಕೊಡಗಿನಂಚಿನ ಮೂರು ತಿಂಗಳ ಮಳೆಯಲ್ಲಿ ಒಣಗದ ಬಟ್ಟೆ, ಒಣಗಬೇಕಾದ ಸೌದೆ. ಗುಡಿಸಲಿನ ನಡುವೆ ಉರಿಯುತ್ತಿದ್ದ ಬೆಂಕಿ ಚಳಿಯನ್ನೂ ಸೊಳ್ಳೆಯನ್ನೂ ಓಡಿಸುತ್ತಿತ್ತು, ಹೊಗೆ ಬಿದಿರನ್ನು ಹುಳದಿಂದ ಕಾಯುತ್ತಿತ್ತು, ರಾತ್ರಿ ಹೊತ್ತು ಮನೆಮಂದಿ ಸುತ್ತ ಕೂರುವ ಜಾಗವೂ ಅದೇ. ಮೋಲ್ಡ್ ಹಾಕಿದ ಕೋಣೆಯಲ್ಲಿ ಬೆಂಕಿ ಹಾಕಿದರೆ ಕಣ್ಣು ಬಿಡಲಾಗುವುದಿಲ್ಲ. ಆಮೇಲೆ ಆಗುವುದೇನು ಎಂದು ಹುಣಸೂರು, ಎಚ್.ಡಿ. ಕೋಟೆ ಕಡೆಯ ಪುನರ್ವಸತಿ ಕಾಲೊನಿಗಳನ್ನು ನೋಡಿದವರಿಗೆ ಗೊತ್ತು: ಸರ್ಕಾರದ ಮನೆಯ ಪಕ್ಕಕ್ಕೊಂದು ಗುಡಿಸಲು ಏಳುತ್ತದೆ. ಜನ ಗುಡಿಸಲಿನಲ್ಲಿ, ಸೌದೆ ಆರ್‌ಸಿಸಿಯಲ್ಲಿ. ಅಧಿಕಾರಿ ಬಂದು ನೋಡಿ, 'ಇವರಿಗೆ ಎಷ್ಟು ಕೊಟ್ಟರೂ ಅಷ್ಟೇ' ಎಂದು ಜೀಪು ಹತ್ತುತ್ತಾನೆ.

ಹಾಡಿಯ ನಕ್ಷೆಯೂ ಇತ್ತು, ಕಾಗದದ ಮೇಲೆ ಇರಲಿಲ್ಲ ಅಷ್ಟೆ. ಜೇನುಕುರುಬರ ನೆಲೆಯ ಒಂದೊಂದು ತುದಿಯಲ್ಲಿ ಮದುವೆಯಾಗದ ಹುಡುಗರಿಗೂ ಹುಡುಗಿಯರಿಗೂ ಬೇರೆಬೇರೆ ಚಾವಡಿಗಳಿದ್ದುದನ್ನು ಮೈಸೂರು ಸಂಸ್ಥಾನದ ಕಾಲದ ಜನಾಂಗ ಅಧ್ಯಯನಗಳೇ ದಾಖಲಿಸಿವೆ. ಯಾರ ಗುಡಿಸಲು ಯಾರಿಗೆ ಹತ್ತಿರ, ಆನೆ ಹಾಯುವ ದಾರಿ ಯಾವುದು, ಅದಕ್ಕೆ ಎಷ್ಟು ಜಾಗ ಬಿಡಬೇಕು ಎಂಬ ಲೆಕ್ಕವಿಲ್ಲದೆ ಕಾಡಿನೊಳಗೆ ಒಂದು ವರ್ಷ ಬಾಳಲಾಗದು. ಅದನ್ನೆಲ್ಲ ಅಳಿಸಿ ಸೈಟ್ ನಂಬರ್ ಒಂದರಿಂದ ಶುರುಮಾಡಿ ಸಾಲಾಗಿ ಎಳೆದ ಗೆರೆಗೆ ಯೋಜನೆ ಎಂಬ ಹೆಸರು.

ದಿಡ್ಡಳ್ಳಿಯನ್ನೂ ನೆನೆಯಬೇಕು. 2016ರ ಡಿಸೆಂಬರ್‌ನಲ್ಲಿ ಕೊಡಗಿನ ವಿರಾಜಪೇಟೆ ತಾಲ್ಲೂಕಿನ ಆ ಜಾಗದಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಲಾಯಿತು. ಅಲ್ಲಿದ್ದ ಯರವರು, ಜೇನುಕುರುಬರಲ್ಲಿ ಹೆಚ್ಚಿನವರು ಕಾಫಿ ತೋಟಗಳ ಲೈನ್‌ಮನೆಗಳಿಂದ ಹೊರಬಿದ್ದವರು. ಸಾಹುಕಾರರ ಲೈನ್‌ಮನೆಯಲ್ಲಿ ಇರುವ ತನಕ ಸಾಹುಕಾರರ ಕೂಲಿ, ಸಾಹುಕಾರರ ಸಾಲ. ಸ್ವಂತ ನೆಲದಲ್ಲಿ ಒಂದು ಗುಡಿಸಲು ಎಂಬುದೇ ಅವರ ಇಡೀ ಬೇಡಿಕೆಯಾಗಿತ್ತು. ತಿಂಗಳುಗಟ್ಟಲೆ ಹೋರಾಟದ ನಂತರ ಸರ್ಕಾರ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ನಿವೇಶನ ಕೊಟ್ಟು ಮನೆ ಕಟ್ಟಿಸಿತು. ಕಟ್ಟಿಸಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೂಲಿ ಇದ್ದದ್ದು ಸಿದ್ದಾಪುರದ ತೋಟಗಳಲ್ಲಿ, ಮನೆ ಬಂದದ್ದು ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ. ನಗರದ ಮೇಸ್ತ್ರಿಗೂ ಗೊತ್ತಿರುವ ಸಂಗತಿ ಇದು: ಕೆಲಸದಿಂದ ದೂರ ಕಟ್ಟಿದ ಮನೆಗೆ ಬಾಡಿಗೆಯವನೂ ಬರುವುದಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದ ಕಥೆಯಲ್ಲ. ಗ್ರೀನ್‌ಲ್ಯಾಂಡಿನ ನೂಕ್ ಪಟ್ಟಣದಲ್ಲಿ ಡೆನ್ಮಾರ್ಕ್ ಸರ್ಕಾರ 1960ರ ದಶಕದ ನಡುವಿನಲ್ಲಿ 'ಬ್ಲಾಕ್ ಪಿ' ಎಂಬ ಐದು ಮಹಡಿಯ ಭಾರಿ ವಸತಿ ಸಮುಚ್ಚಯ ಎಬ್ಬಿಸಿತು. ಕರಾವಳಿಯ ಪುಟ್ಟಪುಟ್ಟ ಬೇಟೆಗಾರ ಹಳ್ಳಿಗಳಿಂದ ಇನುಯಿಟ್ ಜನರನ್ನು ತಂದು ತುಂಬಿಸಿದರು. ಒಂದು ಕಾಲಕ್ಕೆ ಇಡೀ ದೇಶದ ನೂರರಲ್ಲಿ ಒಬ್ಬರು ಆ ಒಂದೇ ಕಟ್ಟಡದಲ್ಲಿದ್ದರು. ಚಳಿಯ ದಪ್ಪ ಉಡುಪು ತೊಟ್ಟವರು ನುಸುಳಲಾಗದಷ್ಟು ಬಾಗಿಲು ಕಿರಿದು. ಮೀನಿನ ಸರಂಜಾಮು ಇಡಲು ಜಾಗವಿಲ್ಲ. ಬೇಟೆ ಸೀಳಲು ಬೇರೆ ಸ್ಥಳವಿಲ್ಲದೆ ಸ್ನಾನದ ತೊಟ್ಟಿಯಲ್ಲೇ ಸೀಳಿದರು, ರಕ್ತ ಹೆಪ್ಪುಗಟ್ಟಿ ಚರಂಡಿ ಕಟ್ಟಿಕೊಂಡಿತು. 2012ರಲ್ಲಿ ಅದನ್ನು ಕೆಡವಿದರು. ಕೋಪನ್‌ಹೇಗನ್ನಿನಲ್ಲಿ ಕೂತು ಗೆರೆ ಎಳೆದವರು ದುಷ್ಟರೇನಲ್ಲ. ಕ್ಷಯ ಕಡಿಮೆಯಾಗಲಿ, ಶಾಲೆ ಆಸ್ಪತ್ರೆ ಹತ್ತಿರವಾಗಲಿ ಎಂಬ ಒಳ್ಳೆಯ ಉದ್ದೇಶವೇ ಇತ್ತು. ನಮ್ಮ ಪುನರ್ವಸತಿ ಕಡತಗಳಲ್ಲೂ ಇರುವುದು ಅದೇ ಶಾಲೆ, ಅದೇ ಆಸ್ಪತ್ರೆ, ಅದೇ ಒಳ್ಳೆಯ ಉದ್ದೇಶ.

ಇಷ್ಟು ಹೇಳಿದ ಕೂಡಲೇ ಒಂದು ಆಕ್ಷೇಪ ಬರುತ್ತದೆ: 'ಹಾಗಾದರೆ ಅವರು ಹುಲ್ಲಿನ ಗುಡಿಸಲಲ್ಲೇ ಕೊಳೆಯಬೇಕೇ? ಅವರ ಹುಡುಗರೇ ತಾರಸಿ ಮನೆ ಕೇಳುತ್ತಾರಲ್ಲ?' ಕೇಳುತ್ತಾರೆ, ಯಾಕೆ ಕೇಳಬಾರದು? ಆನೆ ಕೆಡವದ ಗೋಡೆ, ಸೋರದ ಮಾಡು, ಫೋನು ಚಾರ್ಜ್ ಮಾಡಲು ಕರೆಂಟು ಯಾರಿಗೆ ಬೇಡ? ಬಿದಿರಿನ ಗುಡಿಸಲನ್ನು ಕೊಂಡಾಡಲು ನಗರದ ರೆಸಾರ್ಟುಗಳಿವೆ. ಹಾಡಿಯವರು ಆ ಕೆಲಸ ಮಾಡಬೇಕಿಲ್ಲ. ಗಿರಿಜನ ಉತ್ಸವದ ವೇದಿಕೆಗೆ ಕರೆದು ಕುಣಿಸುವ ನಾವು ಅವರನ್ನು ನಕ್ಷೆಯ ಮೇಜಿಗೆ ಕರೆದು ಕೂರಿಸುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಸಭೆ ಕೂತು ಹಾಡಿಯವರು ಸಿಮೆಂಟೇ ಬೇಕು ಎಂದರೆ ಸಿಮೆಂಟು. ಹೊರಗೊಂದು ಒಲೆಮನೆ ಬೇಕೆಂದರೆ ಒಲೆಮನೆ. ಮಣ್ಣಿನಲ್ಲೇ ಗಟ್ಟಿ ಮನೆ ಕಟ್ಟುವ ವಿದ್ಯೆಗೆ ದೂರ ಹೋಗಬೇಕಿಲ್ಲ, ಮಲ್ಲೇಶ್ವರದ ಆಚೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಿಂದ ಅಸ್ತ್ರ ಕೇಂದ್ರ ಅದನ್ನೇ ಮಾಡಿತು. ಹೊಗೆಯಿಲ್ಲದ ಅಸ್ತ್ರ ಒಲೆ ಹುಟ್ಟಿದ್ದೂ ಅಲ್ಲೇ. ಊರಿನ ಮೇಸ್ತ್ರಿಗಳಿಗೆ ಇಂಥ ಕೆಲಸ ಕಲಿಸಲೆಂದೇ ಕೇರಳದ ಕೊಲ್ಲಂನಲ್ಲಿ ಶುರುವಾದ ನಿರ್ಮಿತಿ ಕೇಂದ್ರಗಳು ನಮ್ಮ ಜಿಲ್ಲೆಗಳಲ್ಲಿ ಇಂದು ಕಾಂಪೌಂಡ್ ಗೋಡೆಯ ಗುತ್ತಿಗೆ ಹಿಡಿಯುತ್ತ ಕೂತಿವೆ. ಅವಕ್ಕೆ ಹಾಡಿಯ ಯುವಕರಿಗೆ ಗಾರೆ ಕೆಲಸ ಕಲಿಸುವ ಹೊಣೆ ಕೊಡಬಹುದಲ್ಲ!

ಮಾಡಿ ತೋರಿಸಿದ ಉದಾಹರಣೆಯೂ ನಮ್ಮಲ್ಲೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ನೂರಾರು ಪವಿತ್ರ ತಾಣಗಳನ್ನು ಸಂಶೋಧಕರ ಜೊತೆ ತಾವೇ ನಡೆದು ಗುರುತಿಸಿ ನಕ್ಷೆಗೆ ಇಳಿಸಿದರು. 2011ರ ಜನವರಿಯಲ್ಲಿ ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾಯಿತು, ಅದೇ ವರ್ಷ ಅಕ್ಟೋಬರ್‌ನಲ್ಲಿ ಅವರ ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕೂ ಸಿಕ್ಕಿತು. ಹುಲಿಯೂ ಉಳಿದಿದೆ, ಸೋಲಿಗರೂ ಉಳಿದಿದ್ದಾರೆ. ನಾಗರಹೊಳೆಯಲ್ಲಿ ಇದಾಗದು ಎನ್ನುವವರು ಯಾಕೆ ಆಗದು ಎಂದು ಹೇಳಬೇಕು.

'ಒಂದೊಂದು ಹಾಡಿಗೆ ಒಂದೊಂದು ನಕ್ಷೆ ಮಾಡುತ್ತ ಕೂತರೆ ಗುರಿ ಮುಟ್ಟುವುದು ಯಾವಾಗ ಸ್ವಾಮಿ?' ಎಂದು ಕೇಳುವ ಅಧಿಕಾರಿಗಳಿದ್ದಾರೆ. ಕರ್ನಾಟಕದಲ್ಲಿ ಜನ್‌ಮನ್ ಯೋಜನೆಗೆ ಸೇರುವುದು ಜೇನುಕುರುಬ, ಕೊರಗ ಎರಡೇ ಸಮುದಾಯ. 2011ರ ಜನಗಣತಿಯಂತೆ ಇಬ್ಬರನ್ನೂ ಕೂಡಿದರೆ ಸುಮಾರು 51 ಸಾವಿರ ಜನ, ಬೆಂಗಳೂರಿನ ಒಂದು ವಾರ್ಡಿನಷ್ಟು. ಯರವರು, ಪಣಿಯರು ಆ ಪಟ್ಟಿಯಲ್ಲೇ ಇಲ್ಲ, ಅದು ಬೇರೆಯೇ ಅನ್ಯಾಯ. ಇನ್ನು ಸಮಯದ ಮಾತು. ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳಿಗೆ ಪುನರ್ವಸತಿ ಆಗಬೇಕೆಂದು ಹೈಕೋರ್ಟ್ ನೇಮಿಸಿದ ಮುಜಾಫರ್ ಅಸ್ಸಾದಿ ಸಮಿತಿ ವರದಿ ಕೊಟ್ಟದ್ದು 2014ರಲ್ಲಿ. ಅಸ್ಸಾದಿಯವರು 2025ರ ಜನವರಿಯಲ್ಲಿ ತೀರಿಕೊಂಡರು. ಆ ಹತ್ತು ವರ್ಷಗಳಲ್ಲಿ ಎಷ್ಟು ಹಾಡಿಗಳ ಯಜಮಾನರ ಜೊತೆ ಕೂತು ನಕ್ಷೆ ಬರೆಯಬಹುದಿತ್ತು ಎಂದು ಇಲಾಖೆಯವರೇ ಲೆಕ್ಕ ಹಾಕಿ ಹೇಳಲಿ.