ಚೀನಾ ದೇಶದ ಚರಿತ್ರೆಯೂ ನಮ್ಮ ಹೆಣ್ಣುಮಕ್ಕಳೂ

ಪ್ರೌಢಶಾಲೆಯ ಚರಿತ್ರೆಯ ಪಾಠಗಳಲ್ಲಿ ಚೀನಾ ದೇಶಕ್ಕೆ ದೊರೆಯುವ ಸ್ಥಳವು ಬಹು ಸ್ವಲ್ಪ. ಅಫೀಮು ಯುದ್ಧವೆಂಬ ಹೆಸರು, ಒಂದೆರಡು ಇಸವಿಗಳು. ಅಲ್ಲಿಗೆ ಪಾಠವು ಮುಗಿಯುವುದು. ಇಷ್ಟು ಸಾಲದೆಂಬುದು ನಮ್ಮ ಅಭಿಪ್ರಾಯವು. ಮಿಶನ್ ಶಾಲೆಯಲ್ಲಿ ಕಲಿತವರಾದ ನಮಗೆ ಈ ಚರಿತ್ರೆಯೊಡನೆ ಎರಡು ಬಗೆಯ ಸಂಬಂಧವುಂಟು.

ಮೊದಲನೆಯದಾಗಿ, ಆ ಅಫೀಮು ಬೆಳೆದುದು ನಮ್ಮ ದೇಶದಲ್ಲಿಯೇ. ಆಂಗ್ಲೇಯರು ಚೀನಾದ ಚಹಾವನ್ನು ಬೆಳ್ಳಿ ಕೊಟ್ಟು ಕೊಳ್ಳಬೇಕಾಗಿದ್ದಿತು. ಆ ಬೆಳ್ಳಿಯನ್ನು ಉಳಿಸಿಕೊಳ್ಳಲು ಈಸ್ಟ್ ಇಂಡಿಯಾ ಕಂಪೆನಿಯು ಬಿಹಾರದ ರೈತರಿಂದ ಗಸಗಸೆಯನ್ನು ಬೆಳೆಯಿಸಿ, ಅಫೀಮನ್ನು ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ಖಾಸಗಿ ವರ್ತಕರು ಅದನ್ನು ಚೀನಾದೊಳಕ್ಕೆ ಕಳ್ಳತನದಿಂದ ಸಾಗಿಸುತ್ತಿದ್ದರು. 1839ರಲ್ಲಿ ಚಕ್ರವರ್ತಿಯ ಅಧಿಕಾರಿಯಾದ ಲಿನ್ ಜೆಶೂ ಎಂಬಾತನು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು, ಅಫೀಮನ್ನು ನಾಶಪಡಿಸಿದನು. ಯುದ್ಧವು ಹತ್ತಿತು. 1842ರ ನಾನ್‌ಕಿಂಗ್ ಒಪ್ಪಂದದಂತೆ ಹಾಂಗ್‌ಕಾಂಗ್ ಆಂಗ್ಲೇಯರ ವಶವಾಯಿತು. ಅದು ಚೀನಾಕ್ಕೆ ಮರಳಿದುದು 1997ರಲ್ಲಿ. ಐದು ರೇವುಪಟ್ಟಣಗಳು ಪರದೇಶೀಯರಿಗೆ ತೆರೆಯಲ್ಪಟ್ಟವು.

ಎರಡನೆಯ ಸಂಬಂಧವು ಇಲ್ಲಿಯೇ ಇರುವುದು. ಆ ಐದರಲ್ಲೊಂದಾದ ನಿಂಗ್‌ಪೋ ಪಟ್ಟಣದಲ್ಲಿ 1844ರಲ್ಲಿ ಮೇರಿ ಆನ್ ಆಲ್ಡರ್ಸಿ ಎಂಬ ಆಂಗ್ಲ ಮಹಿಳೆಯು ಹೆಣ್ಣುಮಕ್ಕಳ ಶಾಲೆಯೊಂದನ್ನು ಸ್ಥಾಪಿಸಿದಳು. 1858ರ ಟಿಯೆನ್‌ಟ್ಸಿನ್ ಒಪ್ಪಂದವು ಮಿಶನರಿಗಳಿಗೆ ಒಳನಾಡಿನ ದಾರಿಯನ್ನು ತೆರೆಯಿತು; ಅದೇ ವರ್ಷ ಅಫೀಮಿಗೂ ಸುಂಕವು ಗೊತ್ತಾಗಿ, ಅದರ ವ್ಯಾಪಾರವು ಕಾಯಿದೆಬದ್ಧವಾಯಿತು. ಅಕ್ಷರವೂ ವಿಷವೂ ಒಂದೇ ಬಾಗಿಲಿನಿಂದ ಒಳಹೊಕ್ಕವು.

ಇದನ್ನು ಬಾಲಕಿಯರಿಗೆ ಹೇಳುವುದು ಮಿಶನರಿಗಳ ವಿಷಯದಲ್ಲಿ ಕೃತಘ್ನತೆಯಲ್ಲವೇ ಎಂದು ಕೆಲವು ತಾಯಿತಂದೆಗಳು ಕೇಳಬಹುದು. ಅಲ್ಲವೆಂದೇ ನಮ್ಮ ಉತ್ತರ. ಅಫೀಮಿನ ವ್ಯಾಪಾರವನ್ನು ನಿಲ್ಲಿಸಲು 1874ರಲ್ಲಿ ಇಂಗ್ಲೆಂಡಿನಲ್ಲಿ ಸಂಘವನ್ನು ಕಟ್ಟಿದ ಕ್ವೇಕರರೂ ಕ್ರೈಸ್ತರೇ. ತಮ್ಮವರ ತಪ್ಪನ್ನು ಮುಚ್ಚಿಡದೆ ನುಡಿದುದರಿಂದ ಅವರ ಭಕ್ತಿಗೆ ಕುಂದು ಬರಲಿಲ್ಲ. ಸತ್ಯದ ಅರ್ಧವನ್ನು ಮಾತ್ರ ಕಲಿತ ಬಾಲಕಿಗೆ 1900ರ ಬಾಕ್ಸರ್ ದಂಗೆಯು ಬರಿಯ ಕ್ರೌರ್ಯವಾಗಿ ತೋರೀತು. ಪೂರ್ಣವಾಗಿ ಕಲಿತವಳು ಆ ಕೊಲೆಗಳನ್ನು ಒಪ್ಪದೆಯೂ, ಅವುಗಳ ಹಿಂದಿನ ನೋವನ್ನು ತಿಳಿದಾಳು.

ಹಳೆಯ ವಿದ್ಯಾರ್ಥಿನಿಯರಾದ ನಿಮ್ಮಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರು. ಒಂದೇ ಭೂಪಟದಲ್ಲಿ ಪಾಟ್ನಾ, ಕ್ಯಾಂಟನ್, ನಿಂಗ್‌ಪೋಗಳನ್ನು ಗುರುತಿಸಿರಿ. ಬೆಳೆದವರು ಯಾರು, ಲಾಭ ಪಡೆದವರು ಯಾರು, ಕೆಟ್ಟವರು ಯಾರು, ಕಲಿತವರು ಯಾರೆಂದು ಮಕ್ಕಳನ್ನೇ ಕೇಳಿರಿ. ಉತ್ತರವನ್ನು ಅವರೇ ಹುಡುಕಲಿ. ತನಗೆ ವಿದ್ಯೆಯು ಬಂದ ದಾರಿಯನ್ನು ಅಳುಕದೆ ನೋಡಬಲ್ಲವಳೇ ನಿಜವಾಗಿ ವಿದ್ಯಾವಂತೆಯೆಂದು ನಾವು ನಂಬುತ್ತೇವೆ.