ಹಾಜರಿ ಪುಸ್ತಕದಿಂದ ತಾಯಿ ಕಾರ್ಡಿಗೆ

ಶಾಲೆಗಳು ಬಾಗಿಲು ತೆರೆದಿವೆ. ಹೊಸ ಹಾಜರಿ ಪುಸ್ತಕ ಬರೆಯುವ ಕಾಲ. ಮೊಳಕಾಲ್ಮೂರಿನಿಂದ ಹೊಸದುರ್ಗದವರೆಗೆ ಯಾವುದಾದರೂ ಹಳ್ಳಿ ಹೈಸ್ಕೂಲಿನ ಮೇಷ್ಟ್ರನ್ನು ಕೇಳಿ ನೋಡಿ, ಒಂಬತ್ತನೇ ತರಗತಿ ಪಾಸಾದ ಹುಡುಗಿಯರೆಲ್ಲ ಹತ್ತಕ್ಕೆ ಬಂದರೇ ಎಂದು. ಒಂದೆರಡು ಹೆಸರು ಬಂದಾಗ ಮೇಷ್ಟ್ರು ಸುಮ್ಮನಾಗುತ್ತಾರೆ. 'ಅಜ್ಜಿ ಊರಿಗೆ ಹೋಗ್ಯಾಳೆ ಸಾರ್' ಎಂದು ಪಕ್ಕದ ಬೆಂಚಿನ ಹುಡುಗಿ ಹೇಳುತ್ತಾಳೆ. ಬೇಸಿಗೆ ರಜೆಯಲ್ಲಿ ಅಜ್ಜಿ ಊರಿಗೆ ಹೋದ ಈ ಹುಡುಗಿ ಮತ್ತೆ ಸರ್ಕಾರದ ಲೆಕ್ಕಕ್ಕೆ ಸಿಗುವುದು ತಾಯಿ ಕಾರ್ಡಿನಲ್ಲಿ. ಅಲ್ಲಿ ಅವಳ ವಯಸ್ಸು ಹತ್ತೊಂಬತ್ತು. ಹೋದ ವರ್ಷ ಹದಿನೈದಿದ್ದವಳಿಗೆ ಈ ವರ್ಷ ಹತ್ತೊಂಬತ್ತು! ನಮ್ಮ ಜಿಲ್ಲೆಗೆ ಮಳೆ ತಡವಾಗಿ ಬಂದೀತು, ಹೆಣ್ಣುಮಕ್ಕಳ ವಯಸ್ಸು ಮಾತ್ರ ಬಲು ಬೇಗ ಏರುತ್ತದೆ.

ಇದು ಹರಟೆಕಟ್ಟೆಯ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದಾಗ, ಕರ್ನಾಟಕದಲ್ಲಿ 20ರಿಂದ 24 ವರ್ಷದ ಹೆಂಗಸರಲ್ಲಿ ಶೇಕಡಾ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 2015-16ರ ಸಮೀಕ್ಷೆಯಲ್ಲಿ ಇದೇ ಲೆಕ್ಕ 21.4 ಇತ್ತು. ಇಷ್ಟು ವರ್ಷದ ಭಾಷಣ, ಜಾಥಾ, ಗೋಡೆಬರಹಗಳಿಂದ ಇಳಿದದ್ದು ದಶಮಾಂಶ ಒಂದು. 15ರಿಂದ 19ರೊಳಗೆ ತಾಯಿಯಾದವರು ಅಥವಾ ಬಸುರಿಯಾಗಿದ್ದವರ ಪ್ರಮಾಣ 7.8ರಿಂದ 5.4ಕ್ಕೆ ಇಳಿದಿದೆ. ಅದು ಸಮಾಧಾನದ ಸಂಗತಿ, ಒಪ್ಪೋಣ. ಆದರೂ ಆ ವಯಸ್ಸಿನ ನೂರು ಹುಡುಗಿಯರಲ್ಲಿ ಐದು ಮಂದಿಗಿಂತ ಹೆಚ್ಚು!

ಕಾನೂನಿಗೇನೂ ಬರವಿಲ್ಲ ಸ್ವಾಮಿ. ನಾವಿದ್ದ ಮೈಸೂರು ಸಂಸ್ಥಾನದಲ್ಲಿ 1894ರಷ್ಟು ಹಿಂದೆಯೇ ಎಂಟು ವರ್ಷದೊಳಗಿನ ಹೆಣ್ಣುಮಗುವಿನ ಮದುವೆ ಅಪರಾಧವಾಯಿತು. 1929ರ ಶಾರದಾ ಕಾಯಿದೆ ಹೆಣ್ಣಿಗೆ 14 ಎಂದಿತು. 1978ರಲ್ಲಿ ಅದು 18 ಆಯಿತು. 2006ರಲ್ಲಿ ಹೊಸ ಬಾಲ್ಯವಿವಾಹ ನಿಷೇಧ ಕಾಯಿದೆ ಬಂತು. ನ್ಯಾಯಮೂರ್ತಿ ಶಿವರಾಜ ಪಾಟೀಲ ಸಮಿತಿ 2011ರಲ್ಲಿ ವರದಿ ಕೊಟ್ಟಿತು. 2017ರಲ್ಲಿ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದು, ಇಂಥ ಮದುವೆ ನಡೆದ ಕ್ಷಣದಿಂದಲೇ ಅಸಿಂಧು ಎಂದಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು, ಹೆಂಡತಿಯೇ ಆದರೂ 18ರೊಳಗಿದ್ದರೆ ಅವಳೊಂದಿಗಿನ ಸಂಸಾರ ಅತ್ಯಾಚಾರವೇ ಎಂದು ತೀರ್ಪಿತ್ತಿತು. ಮದುವೆ ಮಾಡಿಸಿದ ಪುರೋಹಿತರಿಗೂ, ಮಾಡಿಕೊಟ್ಟ ತಂದೆಗೂ ಎರಡು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡ ಎಂದು ಪುಸ್ತಕದಲ್ಲಿದೆ.

ಆದರೆ ಹಳ್ಳಿಯಲ್ಲಿ ನಡೆಯುವುದೇನು? ಯಾರೋ ಪುಣ್ಯಾತ್ಮರು 1098ಕ್ಕೆ ಫೋನು ಮಾಡುತ್ತಾರೆ. ಜೀಪು ಬರುತ್ತದೆ. ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ. 'ಬಾಲ್ಯವಿವಾಹಕ್ಕೆ ತಡೆ' ಎಂದು ಪತ್ರಿಕೆಗಳಲ್ಲಿ ಫೋಟೋ ಬರುತ್ತದೆ. ಹದಿನೈದು ದಿನ ಬಿಟ್ಟು ಪಕ್ಕದ ತಾಲ್ಲೂಕಿನ ಗುಡಿಯಲ್ಲಿ, ರಾತ್ರಿ ಹೊತ್ತಿನಲ್ಲಿ, ವಾಲಗ ಇಲ್ಲದೆ ತಾಳಿ ಬೀಳುತ್ತದೆ. ಆ ಹುಡುಗಿ ಮರುವಾರ ಶಾಲೆಗೆ ಬಂದಳೇ ಎಂದು ಕೇಳಲು ಜೀಪು ಎರಡನೇ ಸಲ ಹೋಗುವುದಿಲ್ಲ.

ಹೆತ್ತವರನ್ನು ಬೈದರೆ ಮುಗಿಯಿತೇ? ಬರಗಾಲ ಬಿದ್ದರೆ ಅಪ್ಪ ಅಮ್ಮ ಗುಳೆ ಹೋಗಬೇಕು. ದೊಡ್ಡವಳಾದ ಮಗಳನ್ನು ಯಾರ ಸುಪರ್ದಿಗೆ ಬಿಡುವುದು? ಹಾಸ್ಟೆಲಿನಲ್ಲಿ ಸೀಟಿಲ್ಲ. ಕಾಲೇಜಿಗೆ ಹದಿನೈದು ಕಿಲೋಮೀಟರು, ಸಂಜೆ ಬಸ್ಸಿಲ್ಲ. ಹುಡುಗಿ ಮೊಬೈಲಿನಲ್ಲಿ ಯಾರ ಜೊತೆಗೋ ನಕ್ಕಳು ಎಂದರೆ ಸಾಕು, 'ಮರ್ಯಾದೆ ಹೋಗೋಕ್ಮುಂಚೆ ಸೋದರಮಾವನಿಗೆ ಕಟ್ಟಿಬಿಡೋಣ' ಎಂಬ ತೀರ್ಮಾನ. 2020-21ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿದ್ದಾಗ ಎಷ್ಟು ಮನೆಗಳಲ್ಲಿ ಹೀಗಾಯಿತು ಎಂಬುದನ್ನು ಊರಿನವರೇ ಬಲ್ಲರು. ಶಾಲೆ ಬಿಟ್ಟ ಹುಡುಗಿಗೆ ನಮ್ಮ ಹಳ್ಳಿಗಳಲ್ಲಿ ಮದುವೆಯೊಂದೇ ಕೆಲಸ ಎಂಬಂತಾಗಿದೆ. ಬಸ್ಸು, ಹಾಸ್ಟೆಲು, ಹೆಣ್ಣುಮಕ್ಕಳಿಗೆ ಸರಿಯಾದ ಶೌಚಾಲಯ, ಇವು ಕೂಡ ಬಾಲ್ಯವಿವಾಹ ನಿಷೇಧದ ಕೆಲಸವೇ ಎಂದು ಇಲಾಖೆಗಳು ತಿಳಿಯಬೇಕು.

ಇನ್ನು ಹೆಚ್ಚು ಕಷ್ಟದ ಮಾತಿಗೆ ಬರೋಣ. ತಡೆಯಲು ಆಗಲಿಲ್ಲ, ಹುಡುಗಿ ಬಸುರಿಯಾದಳು. ಮದುವೆಯಾಗಿಯೋ, ಓಡಿಹೋಗಿಯೋ, ಇಲ್ಲವೇ ಯಾರೋ ಕೆಡಿಸಿಯೋ. ಈಗ ಅವಳ ಗತಿ ಏನು?

ವೈದ್ಯರು ಹೇಳುವುದು ಸ್ಪಷ್ಟ. ಹದಿನಾರರ ಹುಡುಗಿಯ ಸೊಂಟದ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ನಮ್ಮ ರಾಜ್ಯದ ಹೆಂಗಸರಲ್ಲಿ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಅದರ ಮೇಲೆ ಎಳೆಯ ವಯಸ್ಸಿನ ಬಸುರು ಎಂದರೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಭಯ, ಹೆರಿಗೆ ಕಟ್ಟಿಕೊಳ್ಳುವ ಭಯ, ಕಡಿಮೆ ತೂಕದ ಕೂಸು. ಬೇರೆಯವರಿಗಿಂತ ಮೊದಲು ಆಸ್ಪತ್ರೆಗೆ ಬರಬೇಕಾದವಳು ಇವಳು. ಬರುವುದು ಎಲ್ಲರಿಗಿಂತ ಕೊನೆಗೆ. ಯಾಕೆ? ಪೊಲೀಸರ ಭಯ.

2012ರ ಪೋಕ್ಸೊ ಕಾಯಿದೆಯ ಪ್ರಕಾರ ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳನ್ನು ಕೆಡಿಸುವ ನೀಚರನ್ನು ಹಿಡಿಯಲು ಬಂದ ಒಳ್ಳೆಯ ಕಾನೂನು ಅದು, ಸಡಿಲ ಮಾಡಿ ಎಂದು ನಾವು ಹೇಳುವುದಿಲ್ಲ. ಆದರೆ ಗಂಡ ಜೈಲಿಗೆ ಹೋಗುತ್ತಾನೆ, ಅಪ್ಪ ಕೋರ್ಟಿಗೆ ಅಲೆಯುತ್ತಾನೆ ಎಂದು ಹೆದರಿದ ಮನೆಯವರು ಹುಡುಗಿಯನ್ನು ನಾಟಿ ಮದ್ದಿನವರ ಬಳಿ, ನಕಲಿ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಇಲ್ಲವೇ ವಯಸ್ಸು ತಿದ್ದಿ ಬರೆಸುತ್ತಾರೆ. ವಯಸ್ಸು ತಿದ್ದಿದರೆ ಎಲುಬು ಬೆಳೆಯುತ್ತದೆಯೇ? ಇವಳ ಹೆರಿಗೆ ಅಪಾಯದ್ದು ಎಂದು ನರ್ಸಮ್ಮನಿಗೆ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಜನಕ್ಕೆ ತಿಳಿಯದ ಒಂದೆರಡು ಮಾತು ಇಲ್ಲಿ ಹೇಳಬೇಕು. ಪೊಲೀಸ್ ಕಾಗದ ತಂದರೆ ಮಾತ್ರ ಚಿಕಿತ್ಸೆ ಎಂದು ಯಾವ ಆಸ್ಪತ್ರೆಯೂ ಹೇಳುವಂತಿಲ್ಲ, 2020ರ ಪೋಕ್ಸೊ ನಿಯಮವೇ ಅದನ್ನು ತಡೆದಿದೆ. 2021ರ ತಿದ್ದುಪಡಿಯ ನಂತರ, ಅಪ್ರಾಪ್ತ ಹುಡುಗಿಗೆ ಬಸುರು ಬೇಡವಾದರೆ, ಪೋಷಕರ ಒಪ್ಪಿಗೆಯೊಂದಿಗೆ 24 ವಾರದ ತನಕ ಕಾನೂನುಬದ್ಧವಾಗಿ ತೆಗೆಸಬಹುದು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಇಂಥ ಸಂದರ್ಭದಲ್ಲಿ ಹುಡುಗಿ ಮತ್ತು ಪೋಷಕರು ಕೋರಿದರೆ, ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಾಗಿಲ್ಲ ಎಂದಿತು. ಹೆರುವವಳಿಗೆ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಸಿಸೇರಿಯನ್ನು, ರಕ್ತ, ಔಷಧಿ, ವಾಹನ ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟವಿದೆ. ಮದುವೆಯಿಲ್ಲದೆ ಹೆತ್ತವಳ ಮಗುವಿಗೆ ಅಪ್ಪನ ಹೆಸರಿಲ್ಲದೆಯೇ, ತಾಯಿಯ ಪ್ರಮಾಣಪತ್ರದ ಮೇಲೆ ಜನನ ಪತ್ರ ಕೊಡಬೇಕೆಂದು 2015ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ.

ಕಾನೂನು ಒಂದೇ ನಡೆದರೆ ಸಾಲದು ಎಂಬುದಕ್ಕೆ ಪಶ್ಚಿಮ ಬಂಗಾಳದ ಒಂದು ಪ್ರಕರಣ ಸಾಕ್ಷಿ. ಹದಿನಾಲ್ಕರ ಹುಡುಗಿ ಒಬ್ಬನ ಜೊತೆ ಹೋಗಿ ತಾಯಿಯಾದಳು. ಅವನು ತಪ್ಪಿತಸ್ಥ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಎತ್ತಿಹಿಡಿಯಿತು. ಆದರೆ 2025ರ ಮೇ ತಿಂಗಳಲ್ಲಿ ಶಿಕ್ಷೆ ಮಾತ್ರ ವಿಧಿಸಲಿಲ್ಲ. ಸಮಾಜ, ಮನೆ, ಕಾನೂನು ಮೂರೂ ಆ ಹುಡುಗಿಯ ಕೈಬಿಟ್ಟವು, ನಡೆದ ಅಪರಾಧಕ್ಕಿಂತ ಆಮೇಲಿನ ಅಲೆದಾಟವೇ ಅವಳನ್ನು ಹೆಚ್ಚು ನೋಯಿಸಿತು ಎಂಬುದು ಕೋರ್ಟು ಕಂಡ ಸತ್ಯ. ದೇಶದ ದೊಡ್ಡ ಕೋರ್ಟಿಗೆ ಕಂಡದ್ದು ನಮ್ಮ ತಾಲ್ಲೂಕು ಕಚೇರಿಗಳಿಗೆ ಕಾಣಬಾರದೇ?

ಮಾನ್ಯ ಜಿಲ್ಲಾಧಿಕಾರಿಗಳು ದಯಮಾಡಿ ಇತ್ತ ಗಮನ ಕೊಡಬೇಕು. ದೊಡ್ಡ ಖರ್ಚಿನ ಕೆಲಸ ಯಾವುದೂ ಇಲ್ಲ. ಒಂದು, ಶಾಲೆ ತೆರೆದ ಹದಿನೈದು ದಿನದೊಳಗೆ ಪ್ರತಿ ಹೈಸ್ಕೂಲಿನಿಂದ ಬಾರದ ಹುಡುಗಿಯರ ಪಟ್ಟಿ ತರಿಸಿ, ಪಿಡಿಓಗಳನ್ನು ಅವರ ಮನೆಗೆ ಕಳಿಸಬೇಕು. ಎರಡು, ಮುಚ್ಚಳಿಕೆ ಬರೆದುಕೊಟ್ಟ ಮನೆಗೆ ಹುಡುಗಿಗೆ 18 ತುಂಬುವ ತನಕ ತಿಂಗಳಿಗೊಮ್ಮೆ ಯಾರಾದರೂ ಹೋಗಿ ಬರಬೇಕು. ಮೂರು, ತಾಯಿ ಕಾರ್ಡಿನ ವಯಸ್ಸನ್ನು ಶಾಲಾ ದಾಖಲೆಯೊಂದಿಗೆ ತಾಳೆ ನೋಡಬೇಕು. ಹುಡುಗಿಯನ್ನು ಹೆದರಿಸಲು ಅಲ್ಲ, ಅವಳನ್ನು ಅಪಾಯದ ಹೆರಿಗೆಯ ಪಟ್ಟಿಗೆ ಸೇರಿಸಿ ಹೆಚ್ಚು ಜೋಪಾನ ಮಾಡಲು. ನಾಲ್ಕು, ಹೆತ್ತ ಮೇಲೆ ಎರಡನೇ ಬಸುರು ಬೇಗ ನಿಲ್ಲದಂತೆ ಅಂತರ ಇಂಜೆಕ್ಷನ್ನು, ಛಾಯಾ ಮಾತ್ರೆ, ವಂಕಿಗಳ ಬಗ್ಗೆ ನಾಚಿಕೆಯಿಲ್ಲದೆ ತಿಳಿಸಬೇಕು. ಐದು, ಹದಿಹರೆಯದವರ ಸ್ನೇಹ ಕ್ಲಿನಿಕ್ಕುಗಳು ಬೋರ್ಡಿಗೆ ಮಾತ್ರ ಉಳಿಯಬಾರದು, ಗಂಡುಹುಡುಗರಿಗೂ ಅಲ್ಲಿ ಬುದ್ಧಿ ಹೇಳುವವರು ಬೇಕು. ಬಸುರು ಒಬ್ಬಳಿಂದಲೇ ಆಗುವುದಿಲ್ಲವಲ್ಲ!

ಕೊನೆಯ ಮಾತು ಮೇಷ್ಟ್ರುಗಳಿಗೆ. ಕೂಸು ಹೆತ್ತ ಹುಡುಗಿ ಪರೀಕ್ಷೆಗೆ ಕೂರಬಾರದು ಎಂದು ಯಾವ ಕಾನೂನೂ ಹೇಳಿಲ್ಲ. 'ಅವಳು ಬಂದ್ರೆ ಬೇರೆ ಮಕ್ಕಳು ಕೆಡ್ತಾರೆ' ಎನ್ನುವವರು ಇದ್ದಾರೆ. ತಪ್ಪು ಮಾತು. ಅವಳನ್ನು ನೋಡಿ ಬೇರೆ ಹುಡುಗಿಯರು ಎಚ್ಚರವಾಗುತ್ತಾರೆ, ಅವಳ ಕೂಸಿಗೆ ಓದು ಬಲ್ಲ ತಾಯಿ ಸಿಗುತ್ತಾಳೆ. ಬೆಂಚಿನ ಮೇಲೆ ಕೂರಲು ಸಂಕೋಚವಾದರೆ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿಸಿ, ಮುಕ್ತ ಶಾಲೆಗೆ ಸೇರಿಸಿ. ಹೇಗಾದರೂ ಸರಿ, ಹಾಜರಿ ಪುಸ್ತಕದಿಂದ ಅವಳ ಹೆಸರು ಹೊಡೆದುಹಾಕಬೇಡಿ. ಮದುವೆ ಊಟಕ್ಕೆ ಕರೆ ಬಂದಾಗ ಹುಡುಗಿಗೆ ವಯಸ್ಸೆಷ್ಟು ಎಂದು ಒಂದು ಮಾತು ಕೇಳುವ ಕೆಲಸ ಊರಿನ ಉಳಿದವರದು. ಕೇಳದೆ ಹೋಗಿ ಹೋಳಿಗೆ ಉಂಡು ಬಂದವರೆಲ್ಲ ಈ ತಪ್ಪಿನಲ್ಲಿ ಪಾಲುದಾರರೇ.